ಸಂಬಳದ ಚೀಟಿ ಕೊಟ್ಟರೆ ಸಾಲದು, ಓದಿ ಹೇಳಬೇಕು

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಪ್ಯಾಕಿಂಗ್ ಯೂನಿಟ್‌ನ ಎಚ್‌ಆರ್ ಕೆಲಸ ನನ್ನದು. ಸುಮಾರು 60 ಜನ ಇದ್ದಾರೆ. ಹೆಚ್ಚಿನವರು ಕೊರಟಗೆರೆ, ಶಿರಾ, ಮಧುಗಿರಿ ಕಡೆಯ ಹಳ್ಳಿಯವರು. ಇಷ್ಟು ಚಿಕ್ಕ ಕಡೆ ಎಚ್‌ಆರ್‌ಗೆ ಅಂತ ಬೇರೆ ವಿಭಾಗ ಇರಲ್ಲ. ಕೆಲಸಕ್ಕೆ ತಗೊಳ್ಳೋದು, ಹಾಜರಿ, ರಜೆ, ಜಗಳ ಬಿಡಿಸೋದು ಎಲ್ಲವೂ ಒಬ್ಬರ ತಲೆ ಮೇಲೆ. ಆದರೂ ನಾನು ಜಾಸ್ತಿ ಹೊತ್ತು ಕೊಡುವುದು ಸಂಬಳದ ಚೀಟಿಗೆ.

ಯಾಕೆ ಅಂದರೆ, ಹೊಸಬರ ಅನುಮಾನ ಅಲ್ಲಿಂದಲೇ ಶುರು. "ಸಾರ್, ಹದಿನೈದು ಅಂದಿದ್ರಿ, ಹದಿಮೂರೇ ಬಂದೈತೆ" ಅಂತ ಬಂದು ನಿಲ್ಲುತ್ತಾರೆ. ಕೇಳದೆ ಸುಮ್ನೆ ಇರುವವರು ಮುಂದಿನ ತಿಂಗಳು ಬರುವುದೇ ಇಲ್ಲ. ಅದಕ್ಕೇ ಸೇರುವ ದಿನವೇ ಪಕ್ಕದಲ್ಲಿ ಕೂರಿಸಿಕೊಂಡು ಹಾಳೆ ಮೇಲೆ ಲೆಕ್ಕ ಬರೆದು ತೋರಿಸುತ್ತೇನೆ.

ಬೇಸಿಕ್ (ಮೂಲ ಸಂಬಳ), ಡಿಎ (ತುಟ್ಟಿಭತ್ಯೆ) ಸೇರಿ 15,000 ಅಂತ ಇಟ್ಟುಕೊಳ್ಳಿ. ಅದರಲ್ಲಿ ಶೇ 12 ಪಿಎಫ್‌ಗೆ (ಭವಿಷ್ಯ ನಿಧಿ), ಅಂದರೆ 1,800. ಇಎಸ್‌ಐಗೆ (ಕಾರ್ಮಿಕರ ಸರ್ಕಾರಿ ವಿಮೆ) ಶೇ 0.75, ಅಂದರೆ 113. ಕೈಗೆ ಬರುವುದು 13,087. ಇಲ್ಲಿಗೆ ನಿಲ್ಲಿಸಿದರೆ ಅವರಿಗೆ ಕಾಣುವುದು ಬರೀ ಕಡಿತ. ಹಾಗಾಗಿ ಕೆಳಗೇ ಇನ್ನೊಂದು ಸಾಲು ಎಳೆಯುತ್ತೇನೆ. ಕಂಪನಿಯೂ 1,800 ಕಟ್ಟುತ್ತದೆ. ಅದರಲ್ಲಿ 1,250 ಪಿಂಚಣಿಗೆ, 550 ನಿಮ್ಮ ಪಿಎಫ್‌ಗೆ. ಇಎಸ್‌ಐಗೆ ಕಂಪನಿಯದು ಶೇ 3.25, ಅಂದರೆ 488. ಈ ಸಾಲು ನೋಡಿದ ಮೇಲೆ ಮಾತಿನ ಧಾಟಿಯೇ ಬೇರೆ ಆಗುತ್ತದೆ.

"ಪಿಎಫ್ ಬೇಡ ಸಾರ್, ದುಡ್ಡು ಕೈಗೇ ಕೊಡಿ" ಅನ್ನುವವರು ಇದ್ದೇ ಇರುತ್ತಾರೆ. ಸಾಲ ಇರುತ್ತೆ, ಮಕ್ಕಳ ಫೀಸು ಇರುತ್ತೆ, ಅವರ ಕಷ್ಟ ಅವರಿಗೆ. ಆದರೆ 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ, ಇಷ್ಟು ಸಂಬಳದವರಿಗೆ ಅದನ್ನು ಬಿಡುವಂತಿಲ್ಲ ಅಂತ ನೇರವಾಗಿಯೇ ಹೇಳುತ್ತೇನೆ. ಇಎಸ್‌ಐ ವಿಷಯ ಬೇಗ ಒಪ್ಪುತ್ತಾರೆ. ಸಂಬಳ 21,000ದ ಒಳಗಿದ್ದರೆ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಹುಷಾರಿಲ್ಲದೆ ಕೆಲಸಕ್ಕೆ ಬರಲಾಗದಿದ್ದರೆ, ಕಂತು ಸರಿಯಾಗಿ ಕಟ್ಟಿದ್ದವರಿಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಸಿಗುತ್ತದೆ.

ಲೆಕ್ಕ ಮುಗಿದ ಕೂಡಲೇ ಆಧಾರ್ ನೋಡುತ್ತೇನೆ. ಆಧಾರ್‌ನಲ್ಲಿ ಬರೀ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮುಂದೆ ಇನಿಷಿಯಲ್, ಶಾಲೆಯ ಟಿಸಿಯಲ್ಲಿ ಬೇರೆ ಹುಟ್ಟಿದ ತಾರೀಕು. ನಮ್ಮ ಹಳ್ಳಿಗಳಲ್ಲಿ ಇದು ಮಾಮೂಲಿ. ಸೇರುವಾಗಲೇ ಸರಿಮಾಡಿಸಿದರೆ ಅರ್ಧ ದಿನದ ಓಡಾಟ. ಬಿಟ್ಟರೆ, ಪಿಎಫ್ ದುಡ್ಡು ತೆಗೆಯುವ ಹೊತ್ತಿಗೆ ಅವರು ತಿಂಗಳುಗಟ್ಟಲೆ ಅಲೆಯಬೇಕು. ನಾಮಿನಿ ಹೆಸರನ್ನೂ ಆಗಲೇ ಹಾಕಿಸುತ್ತೇನೆ.

ರಜೆ ವಿಷಯ ನಮ್ಮ ಕಡೆ ಬೆಳೆ ನೋಡಿಕೊಂಡೇ ಮಾಡಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ರಾಗಿ ಕೊಯ್ಲು ಶುರುವಾಯಿತು ಅಂದರೆ ಹಾಜರಿ ಬೀಳುತ್ತದೆ. ಬೈದರೆ ಏನೂ ಪ್ರಯೋಜನ ಇಲ್ಲ, ಹೊಲ ಕಾಯಲ್ಲ ಅಲ್ವಾ? ಅಕ್ಟೋಬರ್‌ನಲ್ಲೇ ಯಾರ ಹೊಲ ಯಾವಾಗ ಅಂತ ಸೂಪರ್‌ವೈಸರ್ ಕೈಲಿ ಪಟ್ಟಿ ಮಾಡಿಸುತ್ತೇನೆ. ಕಾನೂನಿನಂತೆ 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ ಇದೆ. ಅದನ್ನು ಕೊಯ್ಲಿಗೆ ಉಳಿಸಿಕೊಳ್ಳಿ ಅಂತ ಮೊದಲೇ ಹೇಳಿದರೆ ಬಹಳ ಜನ ಉಳಿಸಿಕೊಳ್ಳುತ್ತಾರೆ.

ಕೆಲಸ ಬಿಟ್ಟು ಹೋಗುವವರನ್ನು ಬರಿಗೈಲಿ ಕಳಿಸಬಾರದು. ಅನುಭವ ಪತ್ರ, ಬಾಕಿ ಸಂಬಳ, ಯುಎಎನ್ ನಂಬರ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಬರೆದ ಚೀಟಿ ಕೊಡುತ್ತೇನೆ. ಇದೇ ನಂಬರನ್ನು ಹೊಸ ಕಂಪನಿಗೂ ಕೊಡಿ, ದುಡ್ಡು ತೆಗೆದು ಖಾತೆ ಮುಗಿಸಬೇಡಿ ಅನ್ನುತ್ತೇನೆ. ಪಿಂಚಣಿ ಬೇಕಾದರೆ ಒಟ್ಟು 10 ವರ್ಷದ ಸೇವೆ ಆಗಬೇಕು. ಇಲ್ಲಿ ಎರಡು, ಅಲ್ಲಿ ಮೂರು ವರ್ಷ ದುಡಿದವರಿಗೆ ಅದು ಕೂಡಿ ಬರುವುದು ಆ ಒಂದೇ ನಂಬರ್‌ನಲ್ಲಿ.