ಹೊರಗಿನ ಸೌದೆ ಬಾಯ್ಲರ್: ಬಿಸಿನೀರು ಟ್ಯಾಂಕಿಗೆ ಏರದಿದ್ದಾಗ

ಮಡಿಕೇರಿ ಮಳೆಗಾಲದಲ್ಲಿ ಹೊರಗೆ ಬಾಯ್ಲರ್ ಗಡಗಡ ಕುದಿಯುತ್ತಿತ್ತು, ಬಚ್ಚಲಿನ 200 ಲೀಟರ್ ಟ್ಯಾಂಕು ಮಾತ್ರ ತಣ್ಣಗೇ. ಒಣಗಿದ ಕಾಫಿ ಸೌದೆ ಹಾಕಿದ್ದು, ಹೊಗೆಕೊಳವೆ ಗುಡಿಸಿದ್ದು, ಪೈಪಿಗೆ ಗೋಣಿ ಸುತ್ತಿದ್ದು ಯಾವುದೂ ಉಪಯೋಗವಾಗಲಿಲ್ಲ.

ಬಿಸಿನೀರಿನ ಪೈಪು ನಡುವೆ ಮೇಲೆದ್ದು ಮತ್ತೆ ತಗ್ಗಿದ ಜಾಗದಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಬೆಂಕಿ ಪೂರ್ತಿ ಆರಿಸಿ, ನೀರು ಇಳಿಸಿ, ಮತ್ತೆ ಜೋಡಿಸಿದೆ. ಟ್ಯಾಂಕಿನ ತಳ ಬಾಯ್ಲರ್ ತಲೆಗಿಂತ 2 ಅಡಿ ಮೇಲೆ. ಟ್ಯಾಂಕಿನ ತಳದಿಂದ ಬಾಯ್ಲರ್ ತಳಕ್ಕೆ ತಣ್ಣೀರು. ಬಾಯ್ಲರ್ ತಲೆಯಿಂದ ಟ್ಯಾಂಕಿನ ಮೇಲ್ಭಾಗಕ್ಕೆ ಬಿಸಿನೀರು. ಎರಡೂ 1 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಬಿಸಿನೀರಿನದು ಅಡಿಗೆ 1 ಇಂಚಿನಂತೆ ಏರುತ್ತಲೇ ಹೋಗಬೇಕು, ಎಲ್ಲೂ ತಗ್ಗಬಾರದು. ಅದರ ಬಾಯಿ ನೀರಿನ ಮಟ್ಟಕ್ಕಿಂತ 4 ಇಂಚು ಕೆಳಗಿರಲಿ. ಮಟ್ಟ ಈ ಬಾಯಿಗಿಂತ ಇಳಿದರೆ ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸುತ್ತಾಟ ನಿಲ್ಲುತ್ತದೆ, ಹಾಗಾಗಿ ಟ್ಯಾಂಕಿಗೆ ತಾನಾಗಿಯೇ ನೀರು ತುಂಬಿಸುವ ಫ್ಲೋಟ್ ವಾಲ್ವ್ ಬೇಕು. ಬಾಯ್ಲರ್-ಟ್ಯಾಂಕಿನ ನಡುವಿನ ಈ ಎರಡು ಪೈಪುಗಳಲ್ಲಿ ಮಾತ್ರ ವಾಲ್ವ್ ಬೇಡವೇ ಬೇಡ. ಟ್ಯಾಂಕಿನ ಮೇಲಿನ ಗಾಳಿಕೊಳವೆ ಸದಾ ತೆರೆದಿರಬೇಕು, ಮುಚ್ಚಿದರೆ ಆವಿಯ ಒತ್ತಡಕ್ಕೆ ಸಿಡಿಯುವ ಅಪಾಯವಿದೆ. ಟ್ಯಾಂಕು ತುಂಬಿದ ಮೇಲೆಯೇ ಬೆಂಕಿ ಹಚ್ಚಿ.