ಹಳೆಯ ಟಿವಿ: ಪ್ಲಗ್ ಚುಚ್ಚುವ ಮುನ್ನ ಮಾಡಬೇಕಾದದ್ದು

ಮೂಲೆ ಸೇರಿದ್ದ, ಗಾಜಿನ ಪಿಕ್ಚರ್ ಟ್ಯೂಬಿನ ಹಳೆಯ ಟಿವಿಯೊಂದು ಕೈಗೆ ಸಿಕ್ಕಿದರೆ ಬಹುತೇಕರು ಪರದೆ ಒರೆಸಿ, ಪ್ಲಗ್ ಚುಚ್ಚಿ, ನಡೆಯುತ್ತದೆಯೇ ಎಂದು ನೋಡುತ್ತಾರೆ. ಸರಿಯಾಗಬಹುದಾಗಿದ್ದ ಎಷ್ಟೋ ಸೆಟ್‌ಗಳು ಕೆಡುವುದು ಆಗಲೇ. ಚಾರ್ಜ್ ಹಿಡಿದಿಡುವ ಬಿಡಿಭಾಗಗಳಾದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ವರ್ಷಗಟ್ಟಲೆ ಕರೆಂಟ್ ಕಾಣದೆ ಒಳಗೊಳಗೇ ಬಲ ಕಳೆದುಕೊಂಡಿರುತ್ತವೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಅವು ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರನ್ನೂ ಸುಡಬಹುದು. ಕೆಪಾಸಿಟರ್ ಇಂದಿಗೂ ಸಿಗುತ್ತದೆ. ಆ ಸೆಟ್ಟಿನದೇ ಟ್ರಾನ್ಸ್‌ಫಾರ್ಮರ್ ಸಿಗುವುದು ಬಹಳ ಕಷ್ಟ.

ಟಿವಿಯನ್ನು ಇಬ್ಬರು ಸೇರಿ ಎತ್ತಿ. ಭಾರವೆಲ್ಲ ಮುಂದಿನ ಗಾಜಿನಲ್ಲಿರುವುದರಿಂದ ಪರದೆ ಎದೆಯ ಕಡೆಗಿರಲಿ. ಮರದ ಕ್ಯಾಬಿನೆಟ್ ಆದರೆ ಹಿಂಡಿದ ಬಟ್ಟೆಯಿಂದ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಿದರೆ ಸಾಕು. ಸ್ಪಿರಿಟ್ ಮಾತ್ರ ಬೇಡ, ಅದು ಹಳೆಯ ಪಾಲಿಶನ್ನು ಕರಗಿಸುತ್ತದೆ. ನಾಬ್‌ಗಳನ್ನು ಕಳಚಿ ಸೋಪಿನ ನೀರಿನಲ್ಲಿ ತೊಳೆಯಿರಿ. ಆದರೆ ನಾಬ್ ಇಲ್ಲದ ಸೆಟ್ಟಿಗೆ ಎಂದೂ ಕರೆಂಟ್ ಕೊಡಬೇಡಿ. ಅನೇಕ ಹಳೆಯ ಟಿವಿಗಳಲ್ಲಿ ಒಳಗಿನ ಲೋಹದ ಚೌಕಟ್ಟು (ಚಾಸಿ) ನೇರವಾಗಿ ಮೇನ್ಸ್ ತಂತಿಗೇ ಜೋಡಣೆಯಾಗಿರುತ್ತದೆ. ನಾಬ್ ಕಳಚಿದಾಗ ಹೊರಗೆ ಕಾಣುವ ಲೋಹದ ಕಡ್ಡಿಯೂ ಶಾಕ್ ಹೊಡೆಯಬಹುದು.

ಈಗ ಹಿಂಬದಿಯ ಮುಚ್ಚಳ. ಜನ ಅತಿ ಹೆಚ್ಚು ತಪ್ಪುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ. ಪಿಕ್ಚರ್ ಟ್ಯೂಬ್ ಎಂದರೆ ಬರೀ ಗಾಜಿನ ಬುರುಡೆಯಲ್ಲ, ಅದೇ ಒಂದು ದೊಡ್ಡ ಕೆಪಾಸಿಟರ್. ಒಳಗೊಂದು, ಹೊರಗೊಂದು ವಿದ್ಯುತ್ ಹರಿಸುವ ಲೇಪನ, ನಡುವೆ ಗಾಜು. ಕಪ್ಪು-ಬಿಳುಪು ಸೆಟ್ಟಿನಲ್ಲಿ ಅದರ ವೋಲ್ಟೇಜ್ ಹತ್ತು ಸಾವಿರ ವೋಲ್ಟನ್ನು ಮೀರುತ್ತದೆ, ಕಲರ್ ಸೆಟ್ಟಿನಲ್ಲಿ 20 ಸಾವಿರವನ್ನೂ ದಾಟುತ್ತದೆ. ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಬಹಳ ಕಾಲ ಉಳಿದಿರಬಹುದು. ‘ವರ್ಷದಿಂದ ಬಂದ್ ಆಗಿದೆ, ಏನೂ ಇರುವುದಿಲ್ಲ’ ಎಂಬ ಮಾತನ್ನು ನಂಬಬೇಡಿ. ನಿಮಗಿಂತ ಮೊದಲು ಯಾರಾದರೂ ನಿನ್ನೆಯೇ ಆನ್ ಮಾಡಿ ನೋಡಿರಬಹುದು.

ಪ್ಲಗ್ ಕಿತ್ತು ಒಂದು ರಾತ್ರಿ ಬಿಟ್ಟು, ಆಮೇಲೆ ಮುಚ್ಚಳ ತೆಗೆಯಿರಿ. ಚಪ್ಪಲಿ ಹಾಕಿಕೊಂಡು ಒಣ ನೆಲದ ಮೇಲೆ ನಿಲ್ಲಿ. ಉಂಗುರ, ಗಡಿಯಾರ ತೆಗೆದಿಡಿ. ಉದ್ದನೆಯ, ದಪ್ಪ ಪ್ಲಾಸ್ಟಿಕ್ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರ್ ಮತ್ತು ಎರಡೂ ತುದಿಗೆ ಮೊಸಳೆ ಕ್ಲಿಪ್ ಇರುವ ತಂತಿ ಬೇಕು. ಟ್ಯೂಬಿನ ಹಿಂಬದಿಯ ಕಪ್ಪು ಲೇಪನಕ್ಕೆ ತಾಗಿಕೊಂಡು ಹೆಣೆದ ಬರಿ ತಂತಿಯೊಂದು ಹಾದುಹೋಗಿರುತ್ತದೆ. ಮೊದಲ ಕ್ಲಿಪ್ ಆ ತಂತಿಗೇ ಹೋಗಬೇಕು. ಸಿಕ್ಕ ಲೋಹಕ್ಕೆಲ್ಲ ಸಿಕ್ಕಿಸಿದರೆ ಚಾರ್ಜ್ ದಾರಿ ತಪ್ಪಿ ಟ್ರಾನ್ಸಿಸ್ಟರುಗಳನ್ನು ಕೊಲ್ಲುತ್ತದೆ. ಇನ್ನೊಂದು ಕ್ಲಿಪ್ ಸ್ಕ್ರೂಡ್ರೈವರಿನ ಲೋಹದ ದಂಡಕ್ಕೆ. ಎರಡೂ ಭದ್ರವಾಗಿವೆಯೇ ಎಂದು ಎಳೆದು ನೋಡಿ. ಆಮೇಲೆ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಇನ್ನೊಂದರಲ್ಲಿ ಹಿಡಿಯ ತುದಿಯನ್ನಷ್ಟೇ ಹಿಡಿದು, ಟ್ಯೂಬಿನ ಪಕ್ಕದಲ್ಲಿರುವ ರಬ್ಬರ್ ಟೋಪಿಯ ಅಡಿಗೆ ಸ್ಕ್ರೂಡ್ರೈವರಿನ ಮೊನೆಯನ್ನು ತೂರಿಸಿ. ನಡುವಿನ ಲೋಹದ ಕೊಂಡಿಗೆ ತಾಗಿದಾಗ ‘ಟಪ್’ ಎಂಬ ಸದ್ದು ಬರಬಹುದು, ಬಾರದೆಯೂ ಇರಬಹುದು. ಕೆಲವು ಸೆಕೆಂಡು ಹಾಗೆಯೇ ಹಿಡಿಯಿರಿ. ಗಾಜಿನಲ್ಲಿ ಹುದುಗಿದ ಚಾರ್ಜ್ ಮತ್ತೆ ಮೇಲೆದ್ದು ಬರುವುದರಿಂದ ಹತ್ತು ನಿಮಿಷ ಬಿಟ್ಟು ಇದನ್ನೇ ಇನ್ನೊಮ್ಮೆ ಮಾಡಿ. ಈ ಎರಡನೆಯ ಸಲವನ್ನು ಯಾರೂ ಬಿಡಕೂಡದು. ಕೈ ನಡುಗುತ್ತದೆ ಎನಿಸಿದರೆ ಇದೊಂದು ಹಂತವನ್ನು ಟಿವಿ ರಿಪೇರಿ ಬಲ್ಲವರಿಂದಲೇ ಮಾಡಿಸಿ.

ಪವರ್ ಸಪ್ಲೈನ ದೊಡ್ಡ ಕೆಪಾಸಿಟರನ್ನೂ ಮಲ್ಟಿಮೀಟರಿನಲ್ಲಿ ಅಳೆಯಿರಿ. ನೂರಾರು ವೋಲ್ಟ್ ಉಳಿದಿರಬಹುದು. ಅದನ್ನು ಕೆಲವು ಕಿಲೋಓಮ್‌ಗಳ, ಹತ್ತು ವಾಟ್‌ನ ರೆಸಿಸ್ಟರ್ ಮೂಲಕ ಇಳಿಸಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವುದು ಅಪಾಯದ ಕೆಲಸ.

ಧೂಳು ತೆಗೆಯಲು ಮೆತ್ತನೆಯ ಪೇಂಟ್ ಬ್ರಷ್‌ಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಗೇಣು ದೂರದಲ್ಲಿ ಹಿಡಿದು, ಬ್ರಷ್ಷಿನಿಂದ ಎಬ್ಬಿಸಿದ ಧೂಳನ್ನು ಅದಕ್ಕೆ ಕೊಡಿ. ಕಂಪ್ರೆಸರ್ ಗಾಳಿ ಖಂಡಿತ ಬೇಡ, ಅದರಲ್ಲಿ ನೀರಿನ ಹನಿಯಿರುತ್ತದೆ. ಹಳೆಯ ಸೆಟ್‌ಗಳಲ್ಲಿ ಟ್ರಾನ್ಸಿಸ್ಟರಿನ ಜಾಗದಲ್ಲಿರುವ ಗಾಜಿನ ಪುಟ್ಟ ಕೊಳವೆಗಳೇ ವಾಲ್ವ್‌ಗಳು. ಅವುಗಳ ಮೇಲಿನ ಅಕ್ಷರ ಬೆರಳು ತಾಗಿದರೂ ಅಳಿಸಿಹೋಗುವುದರಿಂದ ಮೊದಲೇ ಫೋಟೊ ತೆಗೆದುಕೊಳ್ಳಿ. ಟ್ಯೂಬಿನ ಕಪ್ಪು ಲೇಪನವನ್ನು ಉಜ್ಜಬಾರದು, ಅದು ಕೊಳೆಯಲ್ಲ. ಆದರೆ ರಬ್ಬರ್ ಟೋಪಿಯ ಸುತ್ತಲಿನ ಬರಿ ಗಾಜನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಅಲ್ಲಿನ ಧೂಳಿಗೆ ತೇವ ಸೇರಿದರೆ ಹೈವೋಲ್ಟೇಜ್ ಸೋರಿ ‘ಚರಚರ’ ಎನ್ನುತ್ತದೆ. ಟ್ಯೂಬಿನ ಕುತ್ತಿಗೆ ಅತಿ ನಾಜೂಕು. ಅದು ಮುರಿದರೆ ಟ್ಯೂಬಿನ ಕಥೆ ಮುಗಿದಂತೆ. ಕುತ್ತಿಗೆಯ ಮೇಲಿನ ಉಂಗುರದಂಥ ಅಯಸ್ಕಾಂತಗಳನ್ನೂ ಕಾಯಿಲ್‌ಗಳೊಳಗಿನ ತಿರುಪುಗಳನ್ನೂ ಒಂದಿಷ್ಟೂ ಅಲುಗಿಸಬೇಡಿ. ಕಾರ್ಖಾನೆಯಲ್ಲಿ ಕೂರಿಸಿದ ಆ ಜೋಡಣೆಯನ್ನು ಉಪಕರಣಗಳಿಲ್ಲದೆ ಮರಳಿ ತರಲಾಗದು.

ಚಾನೆಲ್ ತಿರುಗಿಸುವ ಟ್ಯೂನರಿಗೆ, ವಾಲ್ಯೂಮ್ ಕಂಟ್ರೋಲ್‌ಗೆ ಶೇಷ ಉಳಿಸದ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು ಹಿಂದೆ ಮುಂದೆ ಹತ್ತಾರು ಬಾರಿ ತಿರುಗಿಸಿ. ತುಕ್ಕು ಬಿಡಿಸುವ ಸ್ಪ್ರೇ ಎಲ್ಲದಕ್ಕೂ ಆಗುತ್ತದೆ ಎನ್ನುವವರಿದ್ದಾರೆ. ಅದು ಉಳಿಸುವ ಎಣ್ಣೆಯ ಪದರಕ್ಕೆ ಧೂಳು ಅಂಟಿ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಹೆಚ್ಚು ಕೆಡುತ್ತದೆ. ಪರದೆಯ ಮೇಲೂ ನೇರವಾಗಿ ಏನನ್ನೂ ಸಿಂಪಡಿಸಬೇಡಿ. ಬಟ್ಟೆಗೆ ಹಾಕಿ ಒರೆಸಿ. ಅಂಚಿನಲ್ಲಿ ಹಾಲಿನಂಥ ಗುಳ್ಳೆಗಳಿದ್ದರೆ ಅದು ಗಾಜಿನ ಎರಡು ಪದರಗಳ ನಡುವಿನ ಅಂಟು ಬಿಟ್ಟಿದ್ದು. ಒರೆಸಿದರೆ ಹೋಗದು.

ಹಳೆಯ ವಾಲ್ವ್ ಸೆಟ್ಟುಗಳಲ್ಲಿ ಮೇಣ ಬಳಿದ ಕಾಗದದ ಕೆಪಾಸಿಟರುಗಳಿದ್ದರೆ ಅವೆಲ್ಲವನ್ನೂ ಬದಲಿಸಿ. ಒಂದೊಂದನ್ನೇ ಅಳೆದು ನೋಡುತ್ತಾ ಕೂರಬೇಕಿಲ್ಲ, ಅವು ಸೋರುತ್ತಿರುವುದು ಬಹುತೇಕ ಖಚಿತ.

ಈಗ ಪ್ಲಗ್. ಅದೂ ಸೀರೀಸ್ ಲ್ಯಾಂಪಿನ ಮೂಲಕ. ಮೇನ್ಸ್ ಮತ್ತು ಟಿವಿಯ ನಡುವೆ 100 ವಾಟ್‌ನ ತಂತಿ ಬಲ್ಬ್ ಬರಬೇಕು. ಎಲ್‌ಇಡಿ ಬಲ್ಬ್ ಇಲ್ಲಿ ಉಪಯೋಗಕ್ಕೆ ಬಾರದು. ಬಲ್ಬ್ ಒಮ್ಮೆ ಜೋರಾಗಿ ಹೊತ್ತಿ ಮಂಕಾದರೆ ಒಳ್ಳೆಯ ಲಕ್ಷಣ. ಪೂರ್ತಿ ಬೆಳಕಿನಲ್ಲೇ ನಿಂತರೆ ಎಲ್ಲೋ ಶಾರ್ಟ್ ಇದೆ, ಕೂಡಲೇ ಕಿತ್ತುಬಿಡಿ. ಸ್ವಿಚಿಂಗ್ ಪವರ್ ಸಪ್ಲೈ ಇರುವ ಈಚಿನ ಸೆಟ್‌ಗಳು ಬಲ್ಬಿನೊಂದಿಗೆ ಏಳದೆ ಮಿನುಗುತ್ತಾ ಉಳಿಯಬಹುದು. ಅದನ್ನೇ ದೋಷವೆಂದು ತಿಳಿಯಬೇಡಿ.

ಚಿತ್ರಕ್ಕಾಗಿ ಆರ್‌ಎಫ್ ಮಾಡ್ಯುಲೇಟರ್, ಅಂದರೆ ಪ್ಲೇಯರಿನಂಥ ಸಾಧನದ ವೀಡಿಯೊವನ್ನು ಆಂಟೆನಾ ಕಿಂಡಿಗೆ ಹೊಂದುವ ಚಾನೆಲ್ ಸಂಕೇತವಾಗಿಸುವ ಪೆಟ್ಟಿಗೆ, ಬೇಕಾಗುತ್ತದೆ. ಕೊಳ್ಳುವಾಗ ನೋಡಿಕೊಳ್ಳಿ: ಹಳೆಯ ಅನೇಕ ಟ್ಯೂನರುಗಳಿಗೆ ವಿಎಚ್‌ಎಫ್ (ಕೆಳಗಿನ ತರಂಗಪಟ್ಟಿ) ಮಾತ್ರ ಗೊತ್ತು, ಕೆಲವು ಮಾಡ್ಯುಲೇಟರುಗಳು ಯುಎಚ್‌ಎಫ್ (ಮೇಲಿನ ತರಂಗಪಟ್ಟಿ) ಮಾತ್ರ ಕೊಡುತ್ತವೆ. ಸೆಟ್ ಚಿತ್ರವನ್ನು 625 ಅಡ್ಡಗೆರೆಗಳಲ್ಲಿ ಮೂಡಿಸುವುದೋ 525ರಲ್ಲೋ ಎಂಬುದೂ ಮಾಡ್ಯುಲೇಟರಿಗೆ ಹೊಂದಬೇಕು. ಚಪ್ಪಟೆ ಜೋಡಿ ತಂತಿಯ 300 ಓಮ್ ಆಂಟೆನಾ ಕಿಂಡಿಗೆ 75 ಓಮ್‌ನ ಕೇಬಲ್ ಜೋಡಿಸಲು ಪುಟ್ಟ ಹೊಂದಾಣಿಕೆ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಅದನ್ನೇ ಹಾಕಿ.

ಸೆಟ್ ಇಪ್ಪತ್ತು ನಿಮಿಷ ಬಿಸಿಯಾದ ಮೇಲೆ ನಾಬ್ ಮುಟ್ಟಿ. ಚಿತ್ರ ಮೇಲೆ ಕೆಳಗೆ ಉರುಳಿದರೆ ವರ್ಟಿಕಲ್ ಹೋಲ್ಡ್, ಓರೆ ಪಟ್ಟಿಗಳಾಗಿ ಹರಿದರೆ ಹಾರಿಜಾಂಟಲ್ ಹೋಲ್ಡ್. ಆಮೇಲೆ ಕಾಂಟ್ರಾಸ್ಟ್ ಪೂರ್ತಿ ಇಳಿಸಿ, ಕಪ್ಪು ಕಪ್ಪಾಗಿಯೇ ಕಾಣುವಷ್ಟಕ್ಕೆ ಬ್ರೈಟ್‌ನೆಸ್ ನಿಲ್ಲಿಸಿ, ಕೊನೆಗೆ ಕಾಂಟ್ರಾಸ್ಟ್ ಏರಿಸಿ. ಮುದಿ ಟ್ಯೂಬಿನಿಂದ ಹೊಸ ಟಿವಿಯ ಬೆಳಕನ್ನು ಹಿಂಡಲು ಹೋಗಬೇಡಿ, ಅದರ ಆಯುಸ್ಸು ಕರಗುವುದು ಹಾಗೆಯೇ. ಮೊದಲ ದಿನ ಅರ್ಧ ಗಂಟೆ ಸಾಕು, ಅಷ್ಟು ಹೊತ್ತೂ ಪಕ್ಕದಲ್ಲೇ ಇರಿ. ಸುಟ್ಟ ವಾಸನೆ ಬಂದರೆ ನಾಬ್ ಹುಡುಕದೆ ಗೋಡೆಯ ಸ್ವಿಚ್ಚನ್ನೇ ಆರಿಸಿ.