ಬೀಟಲ್‌ನ ಸ್ಲೋ ಸೆಟ್ ಮಾಡುದು: ಕಾರ್ಬುರೇಟರ್‌ಗೆ ಕೈ ಹಾಕುವ ಮೊದ್ಲು ಮತ್ತು ಆಮೇಲೆ

ಮಳೆಗಾಲ ಕಳೆದು ಶೆಡ್ಡಿಂದ ಗಾಡಿ ಹೊರಗೆ ತೆಗೆದ ಕೂಡ್ಲೇ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಕೊಂಡವರದ್ದೆಲ್ಲ ಹೆಚ್ಚುಕಮ್ಮಿ ಒಂದೇ ಕಂಪ್ಲೇಂಟ್, ಸ್ಟಾರ್ಟ್ ಆಗ್ತದೆ, ಓಡ್ತದೆ, ಆದ್ರೆ ಮಂಗಳೂರಿನ ಪಂಪ್‌ವೆಲ್ ಸರ್ಕಲ್‌ನಲ್ಲಿ ಬ್ಲಾಕ್ ಸಿಕ್ಕಿ ನಿಲ್ಸಿದ್ರೆ ಆಫ್. ಅಂದ್ರೆ ಸ್ಲೋ (ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ತಿರುಗುವ ಸ್ಪೀಡ್) ನಿಲ್ಲುದಿಲ್ಲ. ಆಮೇಲೆ ಎಂತ, ಸ್ಕ್ರೂ ಡ್ರೈವರ್ ಹಿಡ್ಕೊಂಡು ಸೀದಾ ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ಗೇ ಹೋಗುದು. ಬೇಡ ಮಾರ್ರೆ. ಏರ್ ಕೂಲ್ಡ್ ಇಂಜಿನ್‌ನಲ್ಲಿ ಕಾರ್ಬುರೇಟರ್ ಎಲ್ಲಕ್ಕಿಂತ ಕೊನೆಗೆ. ಬೇರೆ ಕಡೆ ತಪ್ಪಿಟ್ಕೊಂಡು ಇದನ್ನು ತಿರುಗ್ಸಿದ್ರೆ ಒಂದು ತಪ್ಪಿಗೆ ಇನ್ನೊಂದು ತಪ್ಪು ಸೇರಿಸಿ ಬ್ಯಾಲೆನ್ಸ್ ಮಾಡಿದ ಹಾಗೆ, ನಾಲ್ಕು ದಿನ ಸರಿ ಇರ್ತದೆ, ಮತ್ತೆ ಅದೇ ಕಥೆ.

ಮೊದ್ಲು ಟ್ಯಾಪೆಟ್, ಅಂದ್ರೆ ವಾಲ್ವ್‌ನ ಗ್ಯಾಪ್. ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಇಂಜಿನ್‌ನಲ್ಲಿ ಎಲ್ಲ ವಾಲ್ವ್‌ಗೂ 0.15 ಮಿ.ಮೀ., ಅಂದ್ರೆ 6 ಥೌ (ಇಂಚಿನ ಸಾವಿರದ ಆರು ಪಾಲು). ಆಮೇಲೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಒಳಗಿನ ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಅದಾದ ಮೇಲೆಯೇ ಟೈಮಿಂಗ್ (ಪ್ಲಗ್‌ನಲ್ಲಿ ಕಿಡಿ ಹಾರುವ ಹೊತ್ತು), ಯಾಕಂದ್ರೆ ಪಾಯಿಂಟ್ ಮುಟ್ಟಿದ್ರೆ ಟೈಮಿಂಗ್ ಕೂಡ ಬದ್ಲಾಗ್ತದೆ, ಉಲ್ಟಾ ಮಾಡಿದ್ರೆ ಮಾಡಿದ ಕೆಲಸ ಎರಡು ಸಲ. ಟೈಮಿಂಗ್ ಎಷ್ಟು ಅನ್ನುದು ನಿಮ್ಮ ಡಿಸ್ಟ್ರಿಬ್ಯೂಟರ್ ಮೇಲೆ ಉಂಟು. ಹೆಚ್ಚಿನವರು ಹಾಕಿಸಿಕೊಂಡಿರುವ ಬಾಷ್ 009 ಆದ್ರೆ ಟೈಮಿಂಗ್ ಲೈಟ್ ಹಿಡಿದು 3000 ಆರ್‌ಪಿಎಂ ದಾಟಿಸಿ ಫುಲ್ ಅಡ್ವಾನ್ಸ್ (ಕಿಡಿ ಅತೀ ಬೇಗ ಹಾರುವ ಸ್ಥಿತಿ) 28ರಿಂದ 32 ಡಿಗ್ರಿ ಒಳಗೆ ಬರುವ ಹಾಗೆ ಇಡಿ. ಈ 009ಗೆ ವ್ಯಾಕ್ಯೂಮ್ ಅಡ್ವಾನ್ಸ್ (ಇಂಜಿನ್‌ನ ಎಳೆತದಿಂದ ಕಿಡಿಯ ಹೊತ್ತು ಬದ್ಲಿಸುವ ವ್ಯವಸ್ಥೆ) ಇಲ್ಲ, ಹಾಗಾಗಿ ಆಕ್ಸಿಲರೇಟರ್ ಒತ್ತಿದಾಗ ಒಂದು ಸೆಕೆಂಡ್ ಮುಗ್ಗರಿಸಿದ ಹಾಗೆ ಆಗುದು ಅದರ ಹುಟ್ಟುಗುಣ, ಅದಕ್ಕೆ ಕಾರ್ಬುರೇಟರ್‌ನ ಬೈದು ಪ್ರಯೋಜನ ಇಲ್ಲ.

ಆಮೇಲೆ ಎಲ್ಲಾದ್ರೂ ಲೀಕ್ ಆಗಿ ಹೊರಗಿನ ಏರ್ ಎಳೀತದಾ ನೋಡ್ಬೇಕು. ಇದು ದೊಡ್ಡ ವಿಷಯ, ನನ್ನ ಪ್ರಕಾರ ಸ್ಲೋ ನಿಲ್ಲದ ಗಾಡಿಗಳಲ್ಲಿ ಅರ್ಧದಷ್ಟಕ್ಕೆ ಇದೇ ಕಾರಣ. ಕಾರ್ಬುರೇಟರ್ ಅಡಿಯ ಗ್ಯಾಸ್ಕೆಟ್, ಡ್ಯುಯಲ್ ಪೋರ್ಟ್ (ಒಂದೊಂದು ಹೆಡ್‌ಗೆ ಎರಡು ಇಂಟೇಕ್ ತೂತು) ಆದ್ರೆ ಇಂಟೇಕ್ ಪೈಪ್ ಜಾಯಿಂಟ್‌ನ ರಬ್ಬರ್ ಬೂಟ್, ವ್ಯಾಕ್ಯೂಮ್ ಹೋಸ್, ಇಷ್ಟು ಜಾಗಕ್ಕೆ ಕಾರ್ಬ್ ಕ್ಲೀನರ್ ಚೂರು ಚೂರೇ ಸ್ಪ್ರೇ ಮಾಡಿ. ಇಂಜಿನ್ ಸದ್ದು ಬದ್ಲಾದ್ರೆ ಲೀಕ್ ಅಲ್ಲೇ. ಇಂಜಿನ್ ಬಿಸಿ ಏರುವ ಮೊದ್ಲೇ ಮಾಡಿ, ಬೆಂಕಿ ಹತ್ತುವ ಸಾಮಾನು ಅದು, ಪಕ್ಕದಲ್ಲಿ ಎಕ್ಸ್‌ಟಿಂಗ್ವಿಷರ್ ಇರ್ಲಿ. ಮತ್ತೆ ಥ್ರಾಟಲ್ ಶಾಫ್ಟ್ (ಆಕ್ಸಿಲರೇಟರ್ ಒತ್ತಿದಾಗ ಕಾರ್ಬುರೇಟರ್‌ನಲ್ಲಿ ತಿರುಗುವ ಕಡ್ಡಿ) ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡ್ಸಿ. ಟಕ್ ಟಕ್ ಅಂತ ಆಟ ಆಡಿದ್ರೆ ಅಲ್ಲಿಂದಲೂ ಗಾಳಿ ಹೋಗ್ತದೆ, ಯಾವ ಸ್ಕ್ರೂ ತಿರುಗ್ಸಿದ್ರೂ ಸೆಟ್ ಆಗುದಿಲ್ಲ, ಒಳ್ಳೇ ಲೇತ್‌ನವರ ಹತ್ರ ಹಿತ್ತಾಳೆ ಬುಷ್ ಹಾಕಿಸ್ಬೇಕಷ್ಟೆ.

ಇನ್ನೊಂದು, ಐಡಲ್ ಕಟ್-ಆಫ್ ಸೊಲೆನಾಯ್ಡ್, ಕೀ ಆಫ್ ಮಾಡಿದಾಗ ಸ್ಲೋದ ಪೆಟ್ರೋಲ್ ನಿಲ್ಸುದು, ಕಾರ್ಬುರೇಟರ್‌ನಲ್ಲಿ ಸಣ್ಣ ಡಬ್ಬಿ ಥರದ್ದು, ಒಂದು ವಯರ್ ಬರ್ತದೆ. ಕೀ ಆನ್ ಮಾಡಿ ವಯರ್ ತೆಗೆದು ಮತ್ತೆ ತಾಗ್ಸಿದ್ರೆ ಟಿಕ್ ಅನ್ಬೇಕು. ನಮ್ಮ ಕಡಲಬದಿ ಹವೆಗೆ ಟರ್ಮಿನಲ್ ಹಸಿರು ಹಿಡಿದು ಕರೆಂಟೇ ಬರುದಿಲ್ಲ, ಆಗ ಸ್ಲೋಗೆ ಪೆಟ್ರೋಲ್ ಕೂಡ ಇಲ್ಲ. ಮರಳು ಕಾಗದದಲ್ಲಿ ಉಜ್ಜಿದ್ರೆ ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗೀತದೆ.

ಇಷ್ಟಾದ ಮೇಲೆ ಸೆಟ್ಟಿಂಗ್. ನಾನು ಹೇಳ್ತಿರುದು 1600 ಇಂಜಿನ್‌ನ ಸೋಲೆಕ್ಸ್ 34 ಪಿಕ್ಟ್-3 ಕಾರ್ಬುರೇಟರ್ ಬಗ್ಗೆ. ಹಳೇ 30 ಪಿಕ್ಟ್-1ರಲ್ಲಿ ಸ್ಪೀಡ್‌ಗೆ ಥ್ರಾಟಲ್ ಸ್ಕ್ರೂವೇ, ಅದು ಬೇರೆ ಲೆಕ್ಕ. ಗಾಡಿ ಒಂದು ಹತ್ತು ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ, ಚೋಕ್ ಪ್ಲೇಟ್ ನೆಟ್ಟಗೆ ನಿಂತು ಪೂರ್ತಿ ಓಪನ್ ಆಗಿರ್ಬೇಕು. ಮುಂಡು ಉಟ್ಟಿದ್ರೆ ಎತ್ತಿ ಕಟ್ಟಿ, ಹೆಗಲ ಮೇಲಿನ ಬೈರಾಸು ತೆಗೆದಿಡಿ, ಬಗ್ಗಿದಾಗ ಫ್ಯಾನ್ ಬೆಲ್ಟ್ ಮುಖದ ಹತ್ರವೇ ತಿರುಗ್ತಿರ್ತದೆ.

ಇಂಜಿನ್ ಆಫ್ ಮಾಡಿ, ಥ್ರಾಟಲ್ ಲಿವರ್‌ನ ಸ್ಕ್ರೂ ಮೆಟ್ಟಿಲು ಮೆಟ್ಟಿಲಾಗಿರುವ ಕ್ಯಾಮ್‌ನಿಂದ ಬಿಡುವಷ್ಟು ಲೂಸ್ ಮಾಡಿ, ಆಮೇಲೆ ಮೆಲ್ಲ ಟೈಟ್ ಮಾಡ್ತಾ ಬಂದು ತಾಗಿದಲ್ಲಿಂದ ಕಾಲು ಸುತ್ತು. ಇನ್ನು ಆ ಸ್ಕ್ರೂನ ಮರೆತುಬಿಡಿ. ನಮ್ಮ ಹೆಚ್ಚಿನ ಮೆಕ್ಯಾನಿಕ್‌ಗಳು ಫಿಯೆಟ್ ಅಂಬಾಸಿಡರ್ ಮಾಡಿ ಕೈ ಪಳಗಿದವರು, ಸ್ಲೋ ಏರಿಸ್ಲಿಕ್ಕೆ ಇದನ್ನೇ ಒತ್ತುದು, ಹಾಗೆ ಮಾಡಿದ್ರೆ ಥ್ರಾಟಲ್ ಪ್ಲೇಟ್ ಜಾಸ್ತಿ ತೆರೆದು ಪಿಕಪ್‌ನ ತೂತುಗಳಿಂದ ಪೆಟ್ರೋಲ್ ಬರ್ಲಿಕ್ಕೆ ಶುರುವಾಗ್ತದೆ, ಮತ್ತೆ ಮಿಕ್ಸ್ಚರ್ ಸ್ಕ್ರೂ ತಿರುಗ್ಸಿದ್ರೂ ಇಂಜಿನ್‌ಗೆ ಗೊತ್ತೇ ಆಗುದಿಲ್ಲ.

ಗಾಡಿಯ ಹಿಂದೆ ನಿಂತ್ರೆ ಎಡಬದಿಯಲ್ಲಿ ಎರಡು ಸ್ಕ್ರೂ ಕಾಣ್ತದೆ. ದೊಡ್ಡದು ಸ್ಪೀಡ್‌ಗೆ, ಸಣ್ಣದು ಮಿಕ್ಸ್ಚರ್‌ಗೆ. ಸಣ್ಣದನ್ನು ಮೆಲ್ಲ ಒಳಗೆ ತಿರುಗ್ಸಿ, ತಾಗಿದಲ್ಲಿ ನಿಲ್ಸಿ, ಬಲ ಹಾಕಿದ್ರೆ ಮೊನೆ ಹಾಳು. ಅಲ್ಲಿಂದ ಎರಡೂವರೆ ಸುತ್ತು ಹೊರಗೆ. ಸ್ಟಾರ್ಟ್ ಮಾಡಿ ದೊಡ್ಡ ಸ್ಕ್ರೂನಲ್ಲಿ 850 ಆರ್‌ಪಿಎಂಗೆ ತನ್ನಿ. ಈಗ ಸಣ್ಣದನ್ನು ಚೂರು ಚೂರೇ ಹೊರಗೆ, ಪ್ರತಿ ಸಲ ಎರಡು ಮೂರು ಸೆಕೆಂಡ್ ಕಾಯಿರಿ, ಇಂಜಿನ್ ಎಲ್ಲಿ ಅತೀ ಸ್ಪೀಡಾಗಿ ತಿರುಗ್ತದೆ ಅಂತ ಹುಡುಕಿ. ಅಲ್ಲಿಂದ 20-30 ಆರ್‌ಪಿಎಂ ಇಳಿಯುವಷ್ಟು ಒಳಗೆ, ಮತ್ತೆ ದೊಡ್ಡದರಲ್ಲಿ 850. ಪುಸ್ತಕದ ಲೆಕ್ಕ ಇದು. ಈಗಿನ ಇ20 ಪೆಟ್ರೋಲ್‌ನಲ್ಲಿ ಎಥೆನಾಲ್ ಇರುವ ಕಾರಣ ಮಿಕ್ಸ್ಚರ್ ತನ್ನಷ್ಟಕ್ಕೇ ಲೀನ್ (ಪೆಟ್ರೋಲ್ ಕಮ್ಮಿ, ಗಾಳಿ ಹೆಚ್ಚು) ಆಗ್ತದೆ, ಹಾಗಾಗಿ ನಾನಾದ್ರೆ ಇಳೀಲಿಕ್ಕೆ ಶುರುವಾದ ಕೂಡ್ಲೇ ನಿಲ್ಸ್ತೇನೆ.

ಮೈಲೇಜ್ ಹುಚ್ಚಿನವರಿಗೆ ಒಂದು ಮಾತು. ಈ ಎರಡು ಸ್ಕ್ರೂ ಸ್ಲೋಗೆ ಮಾತ್ರ, ಹೈವೇಯಲ್ಲಿ ಓಡುವಾಗ ಪೆಟ್ರೋಲ್ ಕೊಡುದು ಮೇನ್ ಜೆಟ್, ಅಂದ್ರೆ ಕಾರ್ಬುರೇಟರ್ ಒಳಗಿನ ಸಣ್ಣ ತೂತಿನ ಹಿತ್ತಾಳೆ ತುಂಡು. ಮೈಲೇಜ್ ಬರ್ಲಿ ಅಂತ ಸಣ್ಣ ಜೆಟ್ ಹಾಕಿದ್ರೆ ಇಂಜಿನ್ ಬಿಸಿ ಏರ್ತದೆ, ಇದಕ್ಕೆ ರೇಡಿಯೇಟರ್ ಇಲ್ಲ, ನೀರು ಕುದಿಯುವ ವಾರ್ನಿಂಗೂ ಇಲ್ಲ, ಸೀದಾ ಎಕ್ಸಾಸ್ಟ್ ವಾಲ್ವ್ ಸುಡುದೇ. 34 ಪಿಕ್ಟ್-3ಗೆ ಸಾಮಾನ್ಯವಾಗಿ ಬರುದು 127.5 ನಂಬರಿನ ಜೆಟ್, ಇ20ಗೆ 130 ಹಾಕಿ ನೋಡುದ್ರಲ್ಲಿ ತಪ್ಪಿಲ್ಲ. ಜೆಟ್ ಬ್ಲಾಕ್ ಆದ್ರೆ ಕಂಪ್ರೆಸರ್ ಗಾಳಿ ಹೊಡೀರಿ, ತಂತಿ ತೂರಿಸ್ಬೇಡಿ, ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾಗ್ತದೆ. ಪೆಟ್ರೋಲ್ ಪೈಪ್ ಹಳತಾಗಿದ್ರೆ ಎಥೆನಾಲ್ ತಡೆಯುವ ಪೈಪ್ ಹಾಕಿ.

ಟೆಸ್ಟ್‌ಗೆ ಉಡುಪಿಯವರಿಗೆ ಮಣಿಪಾಲದ ಏರು ಸಾಕು, ಮಂಗಳೂರಾದ್ರೆ ಕದ್ರಿ ಗುಡ್ಡ. ಅಲ್ಲಿ ಪಿಕಪ್ ನೋಡಿ, ಆಮೇಲೆ ಹೈವೇಯಲ್ಲಿ ಒಂದೇ ಸ್ಪೀಡಲ್ಲಿ ಸ್ವಲ್ಪ ದೂರ ಓಡಿಸಿ ಬದಿಗೆ ನಿಲ್ಸಿ ಅಲ್ಲೇ ಆಫ್ ಮಾಡಿ, ಸ್ಲೋದಲ್ಲಿ ಮನೆವರೆಗೆ ತಂದ್ರೆ ಪ್ಲಗ್ ಸುಳ್ಳು ಹೇಳ್ತದೆ. ತಣಿದ ಮೇಲೆ ಮೊದ್ಲು ಮೂರನೇ ಸಿಲಿಂಡರ್‌ನ ಪ್ಲಗ್ ತೆಗೀರಿ, ಹಳೇ ಮಾಡೆಲ್‌ಗಳಲ್ಲಿ ಆಯಿಲ್ ಕೂಲರ್ ಅದಕ್ಕೆ ಹೋಗುವ ಗಾಳಿಗೆ ಅಡ್ಡ ನಿಲ್ತದೆ, ಹೆಚ್ಚು ಬಿಸಿ ತಿನ್ನುದು ಅದೇ. ಕಾಫಿ ಬಣ್ಣ ಆದ್ರೆ ಸರಿ, ಕರಿ ಮಸಿ ಆದ್ರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ರೆ ಜೆಟ್ ಒಂದು ಸೈಜ್ ದೊಡ್ಡದು ಮಾಡಿ, ಅಲ್ಲಿವರೆಗೆ ಆಗುಂಬೆ ಘಾಟಿ ಹತ್ತುವ ಪ್ಲಾನ್ ಹಾಕ್ಬೇಡಿ.